ಐದು ಸಂಖ್ಯೆಗಳ ಪರವಾಗಿ

ಮೇಲ್ಮೈ ಧ್ವನಿತರಂಗದ ಫಿಲ್ಟರ್‌ಗಳ ವಿಚಾರ ಬಂದಾಗ ಈಗ ಎಲ್ಲ ಕಡೆ ಒಂದೇ ಮಾತು ಕೇಳಿಬರುತ್ತದೆ. ತರಗತಿಯಲ್ಲಿ ಮೇಷ್ಟ್ರು ಅದನ್ನೇ ಹೇಳುತ್ತಾರೆ, ಸಾಫ್ಟ್‌ವೇರ್ ಮಾರುವವರೂ ಹೇಳುತ್ತಾರೆ, ಸಂಶೋಧನಾ ಪ್ರಬಂಧಗಳ ಪೀಠಿಕೆಯಲ್ಲೂ ಅದೇ ಇರುತ್ತದೆ. ಹಳೆಯ ಗಣಿತ ಮಾದರಿಗಳೆಲ್ಲ ಕಂಪ್ಯೂಟರಿಗೆ ಶಕ್ತಿ ಸಾಲದಿದ್ದ ಕಾಲದ ತಾತ್ಕಾಲಿಕ ಏರ್ಪಾಡು. ಈಗ ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ ಇದೆ. ಸ್ಫಟಿಕವನ್ನೂ ಅದರ ಮೇಲಿನ ಲೋಹವನ್ನೂ ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಕೊಟ್ಟರೆ ಉತ್ತರ ಬರುತ್ತದೆ. ಆದ್ದರಿಂದ ಡೆಲ್ಟಾ ಮಾದರಿ, ಸಮಾನ ಮಂಡಲ, ಕಪ್ಲಿಂಗ್ ಆಫ್ ಮೋಡ್ಸ್ ಇವನ್ನೆಲ್ಲ ಇತಿಹಾಸದ ಪಾಠವೆಂದು ಒಂದು ತಾಸಿನಲ್ಲಿ ಮುಗಿಸಿದರೆ ಸಾಕು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಫೈನೈಟ್ ಎಲಿಮೆಂಟಿನ ಮೇಲೆ ನನಗೆ ತಕರಾರಿಲ್ಲ. ಅದಿಲ್ಲದೆ ಇಂದಿನ ಫೋನಿನ ಫಿಲ್ಟರ್ ಆಗುವುದೇ ಇಲ್ಲ. ತಕರಾರು ಇರುವುದು ವಿವರ ಹೆಚ್ಚಿದಷ್ಟೂ ಸತ್ಯ ಹತ್ತಿರವಾಗುತ್ತದೆ ಎಂಬ ನಂಬಿಕೆಯ ಮೇಲೆ. ಈ ಸಾಧನದ ಅರವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ಹೊಸದನ್ನು ಕಂಡವರಲ್ಲಿ ಹೆಚ್ಚಿನವರು ಚಿಕ್ಕ ಮಾದರಿಗಳಲ್ಲಿ ಯೋಚಿಸಿದವರು. ದೊಡ್ಡ ಲೆಕ್ಕದ ಉತ್ತರವೂ ಇವತ್ತಿಗೂ ಚಿಕ್ಕ ಮಾದರಿಯ ಭಾಷೆಗೆ ಬಂದಾಗಲೇ ಅರ್ಥವಾಗುತ್ತದೆ. ಫಿಲ್ಟರ್ ಪೂರ್ತಿಯಾಗಿ ಲೆಕ್ಕ ಹಾಕಬಲ್ಲ ಫೈನೈಟ್ ಎಲಿಮೆಂಟ್ ವಿಧಾನ ಕೈಗೆ ಬಂದದ್ದು ಕೂಡ ಚಿಕ್ಕ ಮಾದರಿಯ ಒಂದು ಉಪಾಯವನ್ನು ಅದರೊಳಗೆ ಕೂರಿಸಿದ ಮೇಲೆಯೇ.

ಸಾಧನ ಯಾವುದೆಂದು ಮೊದಲು ನೋಡೋಣ. ಹಳೆಯ ಕಲರ್ ಟೀವಿಯ ಬೋರ್ಡ್ ಬಿಚ್ಚಿದವರಿಗೆ ಟ್ಯೂನರಿನ ಆಚೆ ಐದು ಕಾಲಿನ ಒಂದು ಪುಟ್ಟ ಭಾಗ ನೆನಪಿರಬಹುದು. ರಿಪೇರಿಯವರು ಅದನ್ನು ‘ಸಾ ಫಿಲ್ಟರ್’ ಎನ್ನುತ್ತಿದ್ದರು. ಅದರೊಳಗೆ ಲಿಥಿಯಂ ನಯೋಬೇಟಿನಂಥ ಪೀಜೋ ಸ್ಫಟಿಕದ ಒಂದು ಚೂರು, ಅದರ ಮೇಲೆ ಅಲ್ಯೂಮಿನಿಯಂನಲ್ಲಿ ಬರೆದ ಸಣ್ಣ ಗೆರೆಗಳು. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿ ಇಟ್ಟಂತೆ ಆ ಗೆರೆಗಳು ಇರುತ್ತವೆ. ಒಂದು ಬಾಚಣಿಗೆಗೂ ಇನ್ನೊಂದಕ್ಕೂ ನಡುವೆ ವೋಲ್ಟೇಜ್ ಕೊಟ್ಟರೆ ಸ್ಫಟಿಕದ ಮೇಲ್ಮೈ ಅಲ್ಲಲ್ಲಿ ಹಿಗ್ಗಿ ಕುಗ್ಗಿ ಅಲೆಯೊಂದು ಹೊರಡುತ್ತದೆ. ಆಚೆ ತುದಿಯಲ್ಲಿ ಅಂಥದೇ ಇನ್ನೊಂದು ಜೋಡಿ ಆ ಅಲೆಯನ್ನು ಮತ್ತೆ ವಿದ್ಯುತ್ತಾಗಿ ಹಿಡಿಯುತ್ತದೆ. ಇಂಥ ಅಲೆ ಘನವಸ್ತುವಿನ ಮೇಲ್ಮೈಗೆ ಅಂಟಿಕೊಂಡು ಸಾಗಬಲ್ಲದೆಂದು ಲಾರ್ಡ್ ರೇಲಿ 1885ರಲ್ಲೇ ಗಣಿತದಿಂದ ತೋರಿಸಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಭೂಕಂಪ. ಬೆರಳುಗಳಂಥ ಎಲೆಕ್ಟ್ರೋಡುಗಳಿಂದ ಅದನ್ನು ಎಬ್ಬಿಸಿ ತೋರಿಸಿದವರು ಬರ್ಕ್ಲಿಯ ವೈಟ್ ಮತ್ತು ವೋಲ್ಟ್‌ಮರ್, 1965ರಲ್ಲಿ, ಕ್ವಾರ್ಟ್ಜ್ ತಟ್ಟೆಯ ಮೇಲೆ.

ನಮ್ಮ ಹಳೆಯ ಟೀವಿಗಳಲ್ಲಿ ಚಿತ್ರದ ಮಧ್ಯಂತರ ಆವೃತ್ತಿ 38.9 ಮೆಗಾಹರ್ಟ್ಸ್ ಇತ್ತು. ಆ ಆವೃತ್ತಿಯ ರೇಡಿಯೋ ಅಲೆಯ ತರಂಗದೂರ ಏಳೂಮುಕ್ಕಾಲು ಮೀಟರಿನಷ್ಟು. ಅದೇ ಆವೃತ್ತಿಯ ಮೇಲ್ಮೈ ಅಲೆ ಲಿಥಿಯಂ ನಯೋಬೇಟಿನ ಮೇಲೆ ಸೆಕೆಂಡಿಗೆ ನಾಲ್ಕು ಸಾವಿರ ಮೀಟರಿಗಿಂತ ತುಸು ಕಡಿಮೆ ವೇಗದಲ್ಲಿ ಹೋಗುತ್ತದೆ. ತರಂಗದೂರ ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ಕೋಣೆಯಲ್ಲೂ ಹಿಡಿಯದ ಅಲೆಗಳ ಸಾಲು ಉಗುರಿನಗಲದ ಚೂರಿನಲ್ಲಿ ಹಿಡಿಯುತ್ತದೆ. ಈ ಸಾಧನದ ಉಪಯೋಗವೆಲ್ಲ ಇಲ್ಲಿಂದಲೇ ಬಂದದ್ದು.

ಈಗ ಮಾದರಿಗಳು. ತೀರ ಸರಳವಾದದ್ದೂ ಎಲ್ಲಕ್ಕಿಂತ ಹೆಚ್ಚು ತಾತ್ಸಾರಕ್ಕೆ ಒಳಗಾದದ್ದೂ ಡೆಲ್ಟಾ ಮಾದರಿ. ರೇಥಿಯನ್ ಸಂಸ್ಥೆಯ ಟ್ಯಾಂಕ್ರೆಲ್ ಮತ್ತು ಹಾಲೆಂಡ್ 1971ರಲ್ಲಿ ಬರೆದ ಪ್ರಬಂಧದಲ್ಲಿ ಅದರ ರೂಪ ಸ್ಪಷ್ಟವಾಗಿದೆ. ಪ್ರತಿ ಬೆರಳನ್ನೂ, ಅಂದರೆ ಬಾಚಣಿಗೆಯ ಪ್ರತಿ ಹಲ್ಲನ್ನೂ, ಒಂದು ಬಿಂದು ಎಂದುಕೊಳ್ಳಿ. ವೋಲ್ಟೇಜಿನ ಚಿಹ್ನೆಗೆ ತಕ್ಕಂತೆ ಅದು ಒಂದು ಚಿಕ್ಕ ಅಲೆಯನ್ನು ಹುಟ್ಟಿಸುತ್ತದೆ. ಆ ಅಲೆಯ ಬಲ ಬೆರಳುಗಳು ಒಂದರ ಪಕ್ಕದಲ್ಲೊಂದು ಹಾಯುವ ಉದ್ದಕ್ಕೆ ತಕ್ಕಷ್ಟು. ಎಲ್ಲವನ್ನೂ ಅವುಗಳ ವಿಳಂಬದೊಂದಿಗೆ ಕೂಡಿಸಿ. ಮಾದರಿ ಇಷ್ಟೇ. ಸ್ಫಟಿಕದ ಸ್ಥಿತಿಸ್ಥಾಪಕತೆ ಇದರಲ್ಲಿ ಇಲ್ಲ, ಲೋಹದ ತೂಕ ಇಲ್ಲ, ಇಂಪಿಡೆನ್ಸ್ ಇಲ್ಲ, ಪ್ರತಿಫಲನ ಇಲ್ಲ. ಉಳಿಯುವ ಭೌತಿಕ ರಾಶಿ ಒಂದೇ, ಅಲೆಯ ವೇಗ.

ಇಷ್ಟೆಲ್ಲ ಬಿಟ್ಟ ಮೇಲೂ ಅದು ಕೊಡುವ ತಿಳಿವು ದೊಡ್ಡದು. ಬೆರಳುಗಳ ಹಾಯ್ವಿನ ಉದ್ದಗಳನ್ನು ಸಾಲಾಗಿ ನೋಡಿದರೆ ಅದೇ ಫಿಲ್ಟರಿನ ಇಂಪಲ್ಸ್ ಪ್ರತಿಕ್ರಿಯೆ. ಅದರ ಫೂರಿಯೇ ರೂಪಾಂತರವೇ ಆವೃತ್ತಿ ಪ್ರತಿಕ್ರಿಯೆ. ಅಂದರೆ ಫಿಲ್ಟರ್ ಏನು ಮಾಡಬೇಕು ಎಂಬ ಅಪೇಕ್ಷೆಯನ್ನು ರೂಪಾಂತರ ಮಾಡಿ, ಬಂದ ವಕ್ರರೇಖೆಯನ್ನು ನೇರವಾಗಿ ಮಾಸ್ಕಿನ ಮೇಲೆ ಬೆರಳುಗಳಾಗಿ ಬರೆಯಬಹುದು. ಟೀವಿಯ ಫಿಲ್ಟರಿನ ಮುಚ್ಚಳ ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರೆ ನಡುವೆ ಉಬ್ಬಿ, ಬದಿಗೆ ಇಳಿದು, ಮತ್ತೆ ಸಣ್ಣದಾಗಿ ಉಬ್ಬುವ ಆಕೃತಿ ಬೆರಳುಗಳ ಸಾಲಿನಲ್ಲಿ ಕಣ್ಣಿಗೆ ಕಾಣುತ್ತದೆ. ಕಾಯಿಲ್ ಮತ್ತು ಕೆಪಾಸಿಟರ್‌ಗಳಿಂದ ಮಾಡಿದ ಫಿಲ್ಟರ್‌ನಲ್ಲಿ ಅದರ ಕೆಲಸ ಹೀಗೆ ಆಕಾರದಲ್ಲಿ ಕಾಣುವುದಿಲ್ಲ. ಫೈನೈಟ್ ಎಲಿಮೆಂಟ್ ಲೆಕ್ಕವೂ ಅಂಥ ವಿನ್ಯಾಸವನ್ನು ಹೇಳಿಕೊಡುವುದಿಲ್ಲ, ಏಕೆಂದರೆ ಅದಕ್ಕೆ ಮೊದಲೇ ಆಕಾರವನ್ನು ಕೊಡಬೇಕು. ಆಕಾರದಿಂದ ಪ್ರತಿಕ್ರಿಯೆಗೆ ಹೋಗುವ ದಾರಿ ಮಾತ್ರ ಅದಕ್ಕೆ ಗೊತ್ತು. ವಿನ್ಯಾಸಕಾರನಿಗೆ ಬೇಕಾದದ್ದು ತಿರುಗು ದಾರಿ.

ಇಂಪಿಡೆನ್ಸ್ ಬೇಕಾದಾಗ ಸಮಾನ ಮಂಡಲ ಇತ್ತು. ಸ್ಟ್ಯಾನ್‌ಫರ್ಡಿನ ಸ್ಮಿತ್, ಜೆರಾರ್ಡ್, ಕಾಲಿನ್ಸ್, ರೀಡರ್, ಶಾ ಇವರು 1969ರಲ್ಲಿ, ಬೆಲ್ ಲ್ಯಾಬ್ಸ್‌ನ ವಾರನ್ ಮೇಸನ್ ಗಟ್ಟಿ ಸ್ಫಟಿಕಗಳಿಗಾಗಿ ಮಾಡಿದ್ದ ಮಂಡಲವನ್ನು ತಂದು ಬೆರಳುಗಳ ಸಾಲಿಗೆ ಹೊಂದಿಸಿದರು. ಅದರ ಒಂದು ರೂಪದಲ್ಲಿ ವಿದ್ಯುತ್ ಕ್ಷೇತ್ರ ಮೇಲ್ಮೈಗೆ ಲಂಬವಾಗಿ ನಿಂತಿದೆ ಎಂದು ಊಹಿಸುತ್ತಾರೆ. ನಿಜವಾದ ಕ್ಷೇತ್ರ ಹಾಗಿಲ್ಲ. ಅದು ಒಂದು ಬೆರಳಿನಿಂದ ಪಕ್ಕದ ಬೆರಳಿಗೆ ಬಾಗಿ ಇಳಿಯುತ್ತದೆ. ಊಹೆ ತಪ್ಪಾದರೂ ಲಿಥಿಯಂ ನಯೋಬೇಟಿನ ಮೇಲಿನ ಅಳತೆಗಳಿಗೆ ಲೆಕ್ಕ ಚೆನ್ನಾಗಿ ಕೂಡಿಬಂತು. ಕ್ಷೇತ್ರದ ಬಾಗುಬಳುಕೆಲ್ಲ ಕೊನೆಗೆ ವಿದ್ಯುತ್ತಿಗೂ ಅಲೆಗೂ ಇರುವ ಬೆಸುಗೆಯ ಒಂದು ಸಂಖ್ಯೆಯಾಗಿ ಸೇರಿಕೊಳ್ಳುತ್ತದೆ, ಆ ಸಂಖ್ಯೆ ಸರಿಯಾಗಿದ್ದರೆ ಮಿಕ್ಕಿದ್ದು ಶಕ್ತಿ ಸಂರಕ್ಷಣೆಯಿಂದಲೇ ಹೊಂದಿಕೊಳ್ಳುತ್ತದೆ. ಮಾದರಿ ನಿಸರ್ಗದ ನಕಲಾಗಿರಬೇಕು ಎನ್ನುವವರು ಈ ಪ್ರಕರಣವನ್ನು ಸಾವಧಾನವಾಗಿ ನೋಡಬೇಕು.

ಆದರೆ ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ ಮೂರು ಸಲ ಓಡಾಡುವ ಪ್ರತಿಧ್ವನಿ. ಅಲೆ ಮೊದಲ ಬಾಚಣಿಗೆ ಜೋಡಿಯಿಂದ ಎರಡನೆಯದಕ್ಕೆ ಹೋಗುತ್ತದೆ, ಅಲ್ಲಿ ಒಂದು ಪಾಲು ವಾಪಸ್ಸು ಬರುತ್ತದೆ, ಮೊದಲನೆಯದಕ್ಕೆ ಬಡಿದು ಮತ್ತೆ ಎರಡನೆಯದರತ್ತ ಹೊರಡುತ್ತದೆ. ಎರಡರ ನಡುವೆ ನಾಲ್ಕು ಮಿಲಿಮೀಟರ್ ಇದ್ದರೆ ಈ ಪ್ರತಿಧ್ವನಿ ಮೂಲಕ್ಕಿಂತ ಎರಡು ಮೈಕ್ರೋಸೆಕೆಂಡ್ ತಡವಾಗಿ ತಲುಪುತ್ತದೆ. ಟೀವಿಯ ಒಂದು ಗೆರೆಯ ಚಿತ್ರಭಾಗ 52 ಮೈಕ್ರೋಸೆಕೆಂಡಿನದು. ಅರ್ಧ ಮೀಟರ್ ಅಗಲದ ಪರದೆಯ ಮೇಲೆ ಇದು ಮುಖದ ಬಲಕ್ಕೆ ಎರಡು ಸೆಂಟಿಮೀಟರ್ ಸರಿದ ಇನ್ನೊಂದು ಮಸುಕು ಮುಖ.

ವಾಪಸ್ಸು ಬರುವ ಪಾಲು ಎಷ್ಟು? ಇದಕ್ಕೆ ಸ್ಫಟಿಕ ಯಾವುದೆಂದು ಗೊತ್ತಿರಬೇಕಾಗಿಲ್ಲ. ಕೊಟ್ಟ ವಿದ್ಯುತ್ತು ಹಿಂದಿರುಗದಂತೆ ಹೊಂದಿಸಿದ, ಎಡಬಲ ಒಂದೇ ಥರ ಇರುವ ಜೋಡಿಗೆ ವಿದ್ಯುತ್ ಕೊಟ್ಟರೆ ಅರ್ಧ ಶಕ್ತಿ ಎಡಕ್ಕೆ, ಅರ್ಧ ಬಲಕ್ಕೆ ಹೋಗುತ್ತದೆ. ಇದನ್ನು ಹಿಂದುಮುಂದು ಮಾಡಿ ನೋಡಿ. ಎರಡೂ ಕಡೆಯಿಂದ ಸಮನಾದ ಎರಡು ಅಲೆಗಳು ಒಂದೇ ಲಯದಲ್ಲಿ ಬಂದರೆ ಅವು ಪೂರ್ತಿ ವಿದ್ಯುತ್ತಾಗುತ್ತವೆ. ವಿರುದ್ಧ ಲಯದಲ್ಲಿ ಬಂದರೆ ಏನೂ ವಿದ್ಯುತ್ತಾಗದೆ ಪೂರ್ತಿ ಹೊರಗೆ ಹೋಗುತ್ತವೆ. ಒಂದೇ ಕಡೆಯಿಂದ ಬರುವ ಅಲೆ ಈ ಎರಡು ಸ್ಥಿತಿಗಳ ಸಮಪಾಲಿನ ಮೊತ್ತ. ಆದ್ದರಿಂದ ಅದರ ಅರ್ಧ ಶಕ್ತಿ ವಿದ್ಯುತ್ತಾಗುತ್ತದೆ, ಉಳಿದರ್ಧ ಎರಡೂ ಕಡೆಗೆ ಹಂಚಿಹೋಗುತ್ತದೆ: ಕಾಲು ಭಾಗ ಮುಂದಕ್ಕೆ, ಕಾಲು ಭಾಗ ಹಿಂದಕ್ಕೆ. ಪೂರ್ತಿ ಹೊಂದಿಸಿದ ಫಿಲ್ಟರಿನಲ್ಲಿ ಪ್ರತಿಧ್ವನಿ ಎರಡು ಸಲ ಕಾಲು ಭಾಗವಾಗಿ, ಶಕ್ತಿಯಲ್ಲಿ ಹದಿನಾರನೇ ಒಂದು, ಅಂದರೆ 12 ಡೆಸಿಬೆಲ್ ಮಾತ್ರ ಕೆಳಗೆ. ಕಣ್ಣಿಗೆ ಕಾಣದಿರಬೇಕಾದರೆ 40 ಡೆಸಿಬೆಲ್ ಹತ್ತಿರ ಕೆಳಗಿರಬೇಕು. ಟೀವಿ ಫಿಲ್ಟರ್ ಮಾಡುವವರು ಬೇಕೆಂದೇ ಹೊಂದಾಣಿಕೆ ಕೆಡಿಸಿ, ಹದಿನೈದು ಇಪ್ಪತ್ತು ಡೆಸಿಬೆಲ್ ಸಂಕೇತವನ್ನು ಬಲಿಗೊಟ್ಟು, ಆ ನಷ್ಟವನ್ನು ಆಂಪ್ಲಿಫೈಯರಿನಿಂದ ತುಂಬಿಸಿಕೊಂಡದ್ದು ಇದಕ್ಕಾಗಿ.

ಪೂರ್ತಿ ಹೊಂದಿಸಿದ ಆ ಫಿಲ್ಟರನ್ನು ಫೈನೈಟ್ ಎಲಿಮೆಂಟಿನಲ್ಲಿ ಲೆಕ್ಕ ಹಾಕಿದರೆ ಪ್ರತಿಧ್ವನಿ ಅಷ್ಟೇ ಎತ್ತರದಲ್ಲಿ ಬರುತ್ತದೆ. ಸರಿಯಾದ ಉತ್ತರವೇ. ಆದರೆ ಆ ಉತ್ತರವನ್ನು ನೋಡಿದವನು ಸ್ಫಟಿಕ ಬದಲಾಯಿಸಿ ನೋಡುತ್ತಾನೆ, ಲೋಹದ ದಪ್ಪ ಬದಲಾಯಿಸಿ ನೋಡುತ್ತಾನೆ, ಬೆರಳಿನ ಅಗಲ ಬದಲಾಯಿಸಿ ನೋಡುತ್ತಾನೆ. ಹೊಂದಾಣಿಕೆ ಉಳಿಸಿಕೊಂಡು ಸಮಮಿತಿ ಮುರಿಯದ ತನಕ 12 ಡೆಸಿಬೆಲ್ ಕದಲುವುದಿಲ್ಲ ಎಂಬುದು ಅವನಿಗೆ ಆ ಲೆಕ್ಕದಿಂದ ತಿಳಿಯದು. ತಿಳಿದವರು ಸಮಮಿತಿಯನ್ನೇ ಮುರಿದರು. 1982ರಲ್ಲಿ ಹಾರ್ಟ್‌ಮನ್, ರೈಟ್, ಕಾನ್ಸಿ, ಗಾರ್ಬರ್ ತೋರಿಸಿಕೊಟ್ಟ ದಾರಿ ಇದು. ಅಲೆ ಹುಟ್ಟುವ ಕೇಂದ್ರವನ್ನೂ ಅಲೆ ಪ್ರತಿಫಲಿಸುವ ಕೇಂದ್ರವನ್ನೂ ತರಂಗದೂರದ ಎಂಟನೇ ಒಂದು ಭಾಗದಷ್ಟು ಸರಿಸಿಟ್ಟರೆ ಒಂದು ದಿಕ್ಕಿನಲ್ಲಿ ಎರಡೂ ಕೂಡಿಕೊಳ್ಳುತ್ತವೆ, ಇನ್ನೊಂದು ದಿಕ್ಕಿನಲ್ಲಿ ಅಳಿಸಿಕೊಳ್ಳುತ್ತವೆ. ಏಕಮುಖ ಬಾಚಣಿಗೆ ಹೀಗೆ ಬಂತು, 1990ರ ದಶಕದ ಮೊಬೈಲ್ ಫೋನುಗಳ ಮಧ್ಯಂತರ ಆವೃತ್ತಿ ಫಿಲ್ಟರುಗಳಿಗೆ ಹೊಕ್ಕಿತು. ಕಾಗದದ ಮೇಲೆ ಕೂಡಿಸಿ ಕಳೆದು ಕಂಡ ದಾರಿ ಅದು.

ಪ್ರತಿಫಲನದ ವಿಚಾರವನ್ನು ಇನ್ನೂ ಸ್ವಲ್ಪ ಹಿಡಿದುಕೊಳ್ಳಬೇಕು. ಡೆಲ್ಟಾ ಮಾದರಿ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಬೆರಳಿನ ಅಗಲ ತರಂಗದೂರದ ಕಾಲು ಭಾಗ, ಒಂದರಿಂದ ಒಂದಕ್ಕೆ ಅಂತರ ಅರ್ಧ ಭಾಗ ಇದ್ದರೆ, ಎಲ್ಲ ಬೆರಳುಗಳ ಸಣ್ಣ ಪ್ರತಿಫಲನಗಳೂ ನಮಗೆ ಬೇಕಾದ ಆವೃತ್ತಿಯಲ್ಲೇ ಒಂದೇ ಲಯದಲ್ಲಿ ಕೂಡಿ ದೊಡ್ಡದಾಗುತ್ತವೆ. ಅಳತೆಯಲ್ಲಿ ಪಾಸ್‌ಬ್ಯಾಂಡ್ ಸೊಟ್ಟಗಾಯಿತು. ಹ್ಯೂಸ್ ಸಂಸ್ಥೆಯ ಬ್ರಿಸ್ಟಲ್ ಮತ್ತು ಸಂಗಡಿಗರು 1972ರಲ್ಲಿ ಪ್ರತಿ ಬೆರಳನ್ನೂ ಸೀಳಿ ಎರಡು ಮಾಡಿದರು. ಸೀಳುಗಳ ಅಂತರ ಕಾಲು ತರಂಗದೂರವಾಗಿ, ಜೋಡಿಯ ಪ್ರತಿಫಲನಗಳು ಒಂದನ್ನೊಂದು ಕಳೆದುಕೊಂಡವು. ಅಷ್ಟರಲ್ಲೇ ಬೇರೆ ಕೆಲವರು ಅದೇ ಪ್ರತಿಫಲನವನ್ನು ಬೇಕಾಗಿಯೇ ಬಳಸತೊಡಗಿದ್ದರು. ಲಂಡನ್ನಿನ ಎರಿಕ್ ಆಶ್ 1970ರಲ್ಲೇ ಗೆರೆಗಳ ಸಾಲನ್ನು ಕನ್ನಡಿಯಾಗಿಸಿ ಅನುರಣಕ ಮಾಡುವ ಪ್ರಸ್ತಾಪ ಇಟ್ಟಿದ್ದರು. ಇಂದಿನ ಫೋನಿನಲ್ಲಿರುವ ಬಹುಪಾಲು ಮೇಲ್ಮೈ ತರಂಗ ಫಿಲ್ಟರುಗಳು ಈ ಅನುರಣಕಗಳನ್ನು ಏಣಿಯಂತೆ ಜೋಡಿಸಿ ಮಾಡಿದವು.

ಈ ಅನುರಣಕಗಳ ಗಣಿತವೇ ಕಪ್ಲಿಂಗ್ ಆಫ್ ಮೋಡ್ಸ್. ಬೆಲ್ ಲ್ಯಾಬ್ಸ್‌ನ ಜಾನ್ ಪಿಯರ್ಸ್ 1950ರ ದಶಕದಲ್ಲಿ ಬೇರೆ ಕೆಲಸಕ್ಕಾಗಿ ಕಟ್ಟಿದ ಚಿಂತನೆ. 1970ರ ದಶಕದ ನಡುವಿನಲ್ಲಿ ಜಪಾನಿನ ಸುಜುಕಿ, ಶಿಮಿಜು ಮೊದಲಾದವರೂ ಎಂಐಟಿಯ ಹೌಸ್ ಅವರೂ ಅದನ್ನು ಮೇಲ್ಮೈ ಅಲೆಗಳಿಗೆ ತಂದರು. ಬಲಕ್ಕೆ ಹೋಗುವ ಒಂದು ಅಲೆ, ಎಡಕ್ಕೆ ಹೋಗುವ ಒಂದು ಅಲೆ, ಬಾಚಣಿಗೆಯಲ್ಲಿ ಹರಿಯುವ ಕರೆಂಟು. ಮೂರಕ್ಕೆ ಮೂರು ಸರಳ ಅವಕಲ ಸಮೀಕರಣಗಳು. ಅವುಗಳೊಳಗೆ ಇರುವುದು ಐದು ಸಂಖ್ಯೆಗಳು: ಅಲೆಯ ವೇಗ, ಪ್ರತಿಫಲನ, ವಿದ್ಯುತ್ತಿನಿಂದ ಅಲೆಯಾಗುವ ಪ್ರಮಾಣ, ನಷ್ಟ, ಕೆಪಾಸಿಟೆನ್ಸ್. ಈ ಐದನ್ನು ಕೊಟ್ಟರೆ ಅನುರಣಕದ ಪೂರ್ತಿ ವಕ್ರರೇಖೆ ಮಿಲಿಸೆಕೆಂಡುಗಳಲ್ಲಿ ಬರುತ್ತದೆ. ಹತ್ತು ಅನುರಣಕಗಳ ಏಣಿಯನ್ನು ಸಾವಿರಾರು ಸಲ ತಿದ್ದಿ ನೋಡುವ ಕೆಲಸ ಇವತ್ತಿಗೂ ಈ ಥರದ ಮಾದರಿಯ ಮೇಲೆಯೇ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ವಕ್ರರೇಖೆಯಲ್ಲಿ ಒಂದು ಮುಳ್ಳು ಎದ್ದಾಗ ಯಾವ ಸಂಖ್ಯೆಯಿಂದ ಎದ್ದಿತು ಎಂದು ಕೇಳಲು ಸಾಧ್ಯವಾಗುವುದು ಸಂಖ್ಯೆಗಳು ಐದೇ ಇರುವುದರಿಂದ. ಹತ್ತು ಲಕ್ಷ ಅಜ್ಞಾತಗಳ ನಡುವೆ ಆ ಪ್ರಶ್ನೆಯನ್ನು ಕೇಳಲು ಜಾಗವೇ ಇಲ್ಲ.

ಎದುರು ಪಕ್ಷದ ಬಲವಾದ ಸಾಕ್ಷಿಯನ್ನು ಈಗ ಎತ್ತಿಕೊಳ್ಳುತ್ತೇನೆ. ಲಿಥಿಯಂ ಟ್ಯಾಂಟಲೇಟ್ ಸ್ಫಟಿಕವನ್ನು ಯಾವ ಕೋನದಲ್ಲಿ ಕತ್ತರಿಸಬೇಕು ಎಂಬುದು ಆ ಪ್ರಕರಣ. ಈ ಸ್ಫಟಿಕದ ಮೇಲೆ ಫೋನಿಗೆ ಬೇಕಾದ ವೇಗದ ಅಲೆ ಸಾಗುತ್ತಾ ಸ್ವಲ್ಪ ಸ್ವಲ್ಪವಾಗಿ ಒಳಗೆ ಸೋರುತ್ತದೆ. 1977ರಲ್ಲಿ ನಕಮುರಾ ಮತ್ತು ಸಂಗಡಿಗರು 36 ಡಿಗ್ರಿ ತಿರುಗಿಸಿ ಕತ್ತರಿಸಿದರೆ ಸೋರಿಕೆ ತೀರ ಕಡಿಮೆ ಎಂದು ಕಂಡುಕೊಂಡರು. ಇಪ್ಪತ್ತು ವರ್ಷ ಉದ್ಯಮವೆಲ್ಲ 36 ಡಿಗ್ರಿಯ ತಟ್ಟೆಗಳನ್ನೇ ಕೊಂಡಿತು. ಆ ಲೆಕ್ಕದಲ್ಲಿ ಲೋಹಕ್ಕೆ ದಪ್ಪವಿರಲಿಲ್ಲ. ಟೀವಿಯ ಆವೃತ್ತಿಯಲ್ಲಿ ಅದು ಸರಿ; ತರಂಗದೂರ ನೂರು ಮೈಕ್ರಾನ್ ಇರುವಾಗ ಲೋಹದ ದಪ್ಪ ಲೆಕ್ಕಕ್ಕೆ ಬರುವುದಿಲ್ಲ. ಎರಡು ಗಿಗಾಹರ್ಟ್ಸ್ ಹತ್ತಿರ ತರಂಗದೂರ ಎರಡು ಮೈಕ್ರಾನಿನ ಆಸುಪಾಸು, ಲೋಹದ ದಪ್ಪ ಅದರ ಶೇಕಡ ಏಳರಿಂದ ಹತ್ತು. ಚಿಬಾ ವಿಶ್ವವಿದ್ಯಾಲಯದ ಕೆನ್‌ಯಾ ಹಾಶಿಮೊಟೊ, ಯಾಮಾಗುಚಿ ಮತ್ತು ಫುಜಿತ್ಸುವಿನ ಎಂಜಿನಿಯರುಗಳು 1997ರಲ್ಲಿ ಬೆರಳಿನ ಭಾರವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸೋರಿಕೆ ಕನಿಷ್ಠವಾಗುವ ಕೋನ 42 ಡಿಗ್ರಿಗೆ ಸರಿಯಿತು. ತಟ್ಟೆಯನ್ನು ಆರು ಡಿಗ್ರಿ ಓರೆಯಾಗಿ ಕತ್ತರಿಸಿದ್ದಕ್ಕೆ ಫಿಲ್ಟರಿನ ನಷ್ಟ ಇಳಿಯಿತು. ಚಿಕ್ಕ ಮಾದರಿ ತಾನಾಗಿ ಇದನ್ನು ಎಂದೂ ಹೇಳುತ್ತಿರಲಿಲ್ಲ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಅವರು ಮಾಡಿದ ಬಗೆಯನ್ನು ನೋಡಬೇಕು. ಫೈನೈಟ್ ಎಲಿಮೆಂಟನ್ನು ಬಳಸಿದ್ದು ಬೆರಳಿನ ಒಳಗೆ ಮಾತ್ರ. ಕೆಳಗಿನ ಅಪಾರ ಸ್ಫಟಿಕವನ್ನು ಅಲೆಗಳ ಗಣಿತದಿಂದಲೇ ನಿಭಾಯಿಸಿದರು. 1969ರಲ್ಲಿ ಇಂಗೆಬ್ರಿಗ್ಟ್‌ಸೆನ್ ತಂದ, ಮೇಲ್ಮೈಯ ಇಡೀ ನಡವಳಿಕೆಯನ್ನು ಒಂದೇ ಪರ್ಮಿಟಿವಿಟಿಯ ಫಲನವಾಗಿ ಬರೆಯುವ ವಿಚಾರದ ವಂಶದ್ದು ಅದು. ಸಾಲು ಅನಂತವಾಗಿದೆ ಎಂದು ಹಿಡಿದು ಒಂದೇ ಅವಧಿಯನ್ನು ಲೆಕ್ಕ ಹಾಕಿದರು. ಬಂದ ಫಲಿತಾಂಶವನ್ನು ವೇಗ, ನಷ್ಟ, ಪ್ರತಿಫಲನ ಎಂದು ಬಿಡಿಸಿ ಓದಿದರು. ಯಾವ ಪ್ರಶ್ನೆಗೆ ದೊಡ್ಡ ಲೆಕ್ಕ ಬೇಕು, ಯಾವುದಕ್ಕೆ ಬೇಡ ಎಂದು ಅವರಿಗೆ ಗೊತ್ತಿತ್ತು. ಹಾಶಿಮೊಟೊ 2000ದಲ್ಲಿ ಹೊರತಂದ ಪುಸ್ತಕ, ದೂರಸಂಪರ್ಕದ ಮೇಲ್ಮೈ ತರಂಗ ಸಾಧನಗಳ ಮಾದರಿ ಮತ್ತು ಸಿಮ್ಯುಲೇಶನ್ ಕುರಿತದ್ದು, ಇದೇ ತಾಳ್ಮೆಯಿಂದ ಬರೆದದ್ದು.

ದೊಡ್ಡ ಲೆಕ್ಕ ಮೂಲತತ್ತ್ವದಿಂದ ಹೊರಡುತ್ತದೆ, ಅಳತೆಯ ಹಂಗು ಅದಕ್ಕಿಲ್ಲ ಎಂಬ ಮಾತೂ ಸರಿಯಲ್ಲ. ಲಿಥಿಯಂ ನಯೋಬೇಟಿಗೆ ಆರು ಸ್ಥಿತಿಸ್ಥಾಪಕ ಸ್ಥಿರಾಂಕ, ನಾಲ್ಕು ಪೀಜೋ ಸ್ಥಿರಾಂಕ, ಎರಡು ಪರ್ಮಿಟಿವಿಟಿ, ಜೊತೆಗೆ ಸಾಂದ್ರತೆ ಕೊಡಬೇಕು. ವಾರ್ನರ್, ಓನೊಯೆ, ಕೋಕ್ವಿನ್ 1967ರಲ್ಲಿ ಅಳೆದ ಪಟ್ಟಿ ಒಂದು. ಕೋವಾಚ್ ಮತ್ತು ಸಂಗಡಿಗರು 1990ರಲ್ಲಿ ತಿದ್ದಿದ ಪಟ್ಟಿ ಇನ್ನೊಂದು. ಎರಡರಿಂದ ಬರುವ ವೇಗ ಒಂದೇ ಅಲ್ಲ. ಅಲ್ಯೂಮಿನಿಯಂ ಪದರದ ಸಾಂದ್ರತೆ ಮತ್ತು ಗಡಸುತನ ಅದನ್ನು ಲೇಪಿಸಿದ ಯಂತ್ರದ ಮೇಲೆ ನಿಂತಿದೆ. ಇವುಗಳ ಮೇಲೆ ಕೂತ ಉತ್ತರವನ್ನು ಕಂಪ್ಯೂಟರ್ ಏಳು ಅಂಕಿಗಳಲ್ಲಿ ತೋರಿಸುತ್ತದೆ.

ಇದು ಕ್ಷುಲ್ಲಕ ವಿಷಯ ಅಲ್ಲ. ಅಮೆರಿಕದ 1900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಫೋನು ಕಳಿಸುವುದು 1850ರಿಂದ 1910, ಕೇಳಿಸಿಕೊಳ್ಳುವುದು 1930ರಿಂದ 1990. ನಡುವೆ ಇರುವ ಜಾಗ 20 ಮೆಗಾಹರ್ಟ್ಸ್. ಲಿಥಿಯಂ ಟ್ಯಾಂಟಲೇಟಿನ ಫಿಲ್ಟರ್ ಪ್ರತಿ ಡಿಗ್ರಿ ಶಾಖಕ್ಕೆ ಹತ್ತು ಲಕ್ಷದಲ್ಲಿ ಸುಮಾರು 35 ಭಾಗ ಸರಿಯುತ್ತದೆ. 80 ಡಿಗ್ರಿಯ ಏರಿಳಿತಕ್ಕೆ ಐದು ಮೆಗಾಹರ್ಟ್ಸ್ ಹೋಯಿತು. ವೇಗದಲ್ಲಿ ಶೇಕಡ ಒಂದರ ತಪ್ಪು ಎಂದರೆ 19 ಮೆಗಾಹರ್ಟ್ಸ್, ನಡುವಿನ ಜಾಗ ಪೂರ್ತಿ ಮುಗಿದ ಹಾಗೆ. ಹೀಗಾಗಿ ಪರೀಕ್ಷೆಗೆಂದು ಕೆಲವು ಅನುರಣಕಗಳನ್ನು ನಿಜವಾಗಿ ತಯಾರಿಸಿ, ಅಳೆದು, ಆ ಅಳತೆಯಿಂದ ಐದು ಸಂಖ್ಯೆಗಳನ್ನು ತೆಗೆಯುವ ಕ್ರಮ ಬಂದಿದೆ. ಆ ಐದು ಸಂಖ್ಯೆಗಳಲ್ಲಿ ಕಾರ್ಖಾನೆಯ ಯಂತ್ರ, ಲೋಹದ ಗುಣ, ಬೆರಳಿನ ಅಂಚಿನ ಓರೆ ಎಲ್ಲವೂ ಆಗಲೇ ಸೇರಿರುತ್ತವೆ. ಸ್ಥಿರಾಂಕಗಳ ಪಟ್ಟಿಯಿಂದ ಹೊರಟ ಲೆಕ್ಕದಲ್ಲಿ ಅವು ಇರುವುದಿಲ್ಲ.

ಈಗ 2016ಕ್ಕೆ ಬರುತ್ತೇನೆ. ನೂರಾರು ಬೆರಳುಗಳ ಒಂದು ಪೂರ್ತಿ ಸಾಧನವನ್ನು ಫೈನೈಟ್ ಎಲಿಮೆಂಟಿನಲ್ಲಿ ನೇರವಾಗಿ ಲೆಕ್ಕ ಹಾಕುವುದು ಅಲ್ಲಿಯ ತನಕ ದಿನನಿತ್ಯದ ವಿನ್ಯಾಸಕ್ಕೆ ದಕ್ಕುವಂತಿರಲಿಲ್ಲ. ಆ ವರ್ಷ ಯೂಲಿಯಸ್ ಕೊಸ್ಕೆಲಾ, ವಿಕ್ಟರ್ ಪ್ಲೆಸ್ಕಿ ಮತ್ತು ಅವರ ಸಂಗಡಿಗರು ಒಂದು ಉಪಾಯ ಪ್ರಕಟಿಸಿದರು. ಒಂದು ಬೆರಳು, ಅದರ ಕೆಳಗಿನ ಸ್ಫಟಿಕ, ಇಷ್ಟನ್ನು ಒಂದು ಕೋಶವೆಂದು ಲೆಕ್ಕ ಹಾಕಿ, ಒಳಗಿನ ಅಜ್ಞಾತಗಳನ್ನೆಲ್ಲ ಬೀಜಗಣಿತದಿಂದ ತೆಗೆದುಹಾಕಿ. ಎಡ ಅಂಚು, ಬಲ ಅಂಚು, ಬೆರಳಿನ ವೋಲ್ಟೇಜು ಮತ್ತು ಕರೆಂಟು, ಇಷ್ಟು ಉಳಿಯಲಿ. ಅಂಥ ಎರಡು ಕೋಶಗಳನ್ನು ಜೋಡಿಸಿ, ನಡುವಿನ ಅಂಚನ್ನೂ ತೆಗೆದುಹಾಕಿ. ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಎಂಟು ಸಲ ಜೋಡಿಸಿದರೆ 256 ಬೆರಳು. ಈ ವಿಧಾನ ಬಂದ ಮೇಲೆ ಪೂರ್ತಿ ಸಾಧನದ ಲೆಕ್ಕ ನಿಜಕ್ಕೂ ಕೈಗೆಟುಕಿತು.

ಒಂದು ಭಾಗವನ್ನು ಅದರ ಅಂಚುಗಳಿಂದಲೂ ವಿದ್ಯುತ್ ದ್ವಾರದಿಂದಲೂ ಮಾತ್ರ ವರ್ಣಿಸಿ, ಒಳಗನ್ನು ಮರೆತು, ಅಂಥ ಭಾಗಗಳನ್ನು ಸರಪಳಿಯಾಗಿ ಜೋಡಿಸುವ ಈ ವಿಚಾರ ಹೊಸದಲ್ಲ. 1979ರಲ್ಲಿ ಟೊಬೊಲ್ಕಾ ಬರೆದ ಪಿ-ಮ್ಯಾಟ್ರಿಕ್ಸ್ ಅದೇ: ಎರಡು ಅಲೆಯ ದ್ವಾರ, ಒಂದು ವಿದ್ಯುತ್ ದ್ವಾರ, ಮೂರು ಸಾಲು ಮೂರು ಕಂಬ. ಟೊಬೊಲ್ಕಾ ಅವರಲ್ಲಿ ಅಂಚಿಗೊಂದು ಅಲೆಯಿತ್ತು, ಇಲ್ಲಿ ಅಂಚಿಗೆ ನೂರಾರು ಅಜ್ಞಾತಗಳಿವೆ. ವ್ಯತ್ಯಾಸ ಗಾತ್ರದ್ದು, ವಿಚಾರದ್ದಲ್ಲ. ಇದನ್ನು ಮಾಡಿದವರು ಯಾರೆಂಬುದನ್ನೂ ಗಮನಿಸಬೇಕು. ಇದೇ ಪ್ಲೆಸ್ಕಿ ಮತ್ತು ಕೊಸ್ಕೆಲಾ 2000ದಲ್ಲಿ ಕಪ್ಲಿಂಗ್ ಆಫ್ ಮೋಡ್ಸ್ ಬಗ್ಗೆ ಸುದೀರ್ಘ ಸಮೀಕ್ಷೆ ಬರೆದಿದ್ದವರು. ಚಿಕ್ಕ ಮಾದರಿಗಳಲ್ಲಿ ಪಳಗಿದ ಕೈಗಳೇ ದೊಡ್ಡ ಲೆಕ್ಕವನ್ನು ಪಳಗಿಸಿದವು. ಹಳೆಯದು ಹೋಗಿ ಹೊಸದು ಬಂತು ಎನ್ನುವವರಿಗೆ ಈ ಒಂದು ಸಂಗತಿಯೇ ಸಾಕಾದ ಉತ್ತರ ಎಂದು ನಾನು ತಿಳಿದಿದ್ದೇನೆ.

ಚಿಕ್ಕ ಮಾದರಿಗೆ ಮಿತಿಗಳಿವೆ. ಸೋರುವ ಅಲೆಗಳಿಗೆ ಐದು ಸಂಖ್ಯೆಗಳ ಸರಳ ರೂಪ ಸಾಲದು, ಏಕೆಂದರೆ ಸ್ಫಟಿಕದೊಳಗೆ ಇಳಿಯುವ ಅಲೆಯ ಹತ್ತಿರ ಬಂದಾಗ ಆ ಸಂಖ್ಯೆಗಳೇ ಆವೃತ್ತಿಯೊಂದಿಗೆ ಬದಲಾಗುತ್ತವೆ. ಬೆರಳಿನ ಉದ್ದಕ್ಕೆ ಅಡ್ಡಾಡುವ ಅಲೆಗಳು ಒಂದೇ ದಿಕ್ಕಿನ ಮಾದರಿಯಲ್ಲಿ ಕಾಣುವುದಿಲ್ಲ. ಸಿಲಿಕಾನಿನ ಮೇಲೆ ತೆಳು ಲಿಥಿಯಂ ಟ್ಯಾಂಟಲೇಟ್ ಪದರವಿಟ್ಟ ಹೊಸ ತಟ್ಟೆಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆದರೆ ಮಾದರಿ ಸೋತಾಗ ಅದನ್ನು ಬಿಟ್ಟು ಓಡಬೇಕಾಗಿಲ್ಲ. 1993ರಲ್ಲಿ ಪ್ಲೆಸ್ಕಿ ಸೋರುವ ಅಲೆಗೆ ಎರಡೇ ಸಂಖ್ಯೆಗಳ ಹೊಸ ಸಂಬಂಧವೊಂದನ್ನು ಬರೆದರು. ಎದುರುಬದುರು ಅಲೆಗಳ ಪ್ರತಿಫಲನದ ಜೊತೆಗೆ ಒಳಕ್ಕಿಳಿಯುವ ಅಲೆಯ ಚದುರುವಿಕೆಯೂ ಅದರಲ್ಲಿ ಸೇರಿತು. ಭೌತಶಾಸ್ತ್ರ ಹೊಸದಾದರೆ ಅದಕ್ಕೆ ತಕ್ಕ ಹೊಸ ಚಿಕ್ಕ ಮಾದರಿ ಬೇಕು, ಅದನ್ನು ಬರೆಯಲು ಬರುವವರು ಬೇಕು.

ಅವರು ಎಲ್ಲಿಂದ ಬರಬೇಕು ಎಂಬುದು ನಮ್ಮ ಕಾಲೇಜುಗಳಿಗೆ ಸಂಬಂಧಪಟ್ಟ ಪ್ರಶ್ನೆ. ಖರಗ್‌ಪುರದ ಐಐಟಿಯಲ್ಲಿ ಓದಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೋದ ಸುಪ್ರಿಯೋ ದತ್ತ 1986ರಲ್ಲಿ ಈ ವಿಷಯದ ಮೇಲೆ ಒಂದು ಪುಸ್ತಕ ಬರೆದಿದ್ದಾರೆ. ಅದು ಇಂದಿಗೂ ಓದಬೇಕಾದದ್ದು. ಆದರೆ ನಮ್ಮಲ್ಲಿ ಈಗ ಎಂ.ಟೆಕ್ ಪ್ರಾಜೆಕ್ಟಿಗೆ ಮೇಲ್ಮೈ ತರಂಗದ ಸೆನ್ಸರನ್ನು ಸಿಮ್ಯುಲೇಟ್ ಮಾಡುವುದು ರೂಢಿ. ಎಷ್ಟೋ ವರದಿಗಳಲ್ಲಿ ಒಂದೇ ಕ್ರಮ: ಒಂದು ತರಂಗದೂರದಷ್ಟು ಸ್ಫಟಿಕ, ಮೇಲೆ ಎರಡು ಬೆರಳು, ಎಡಬಲ ಅಂಚುಗಳಿಗೆ ಆವರ್ತಕ ನಿಬಂಧನೆ. ಕಂಪ್ಯೂಟರ್ ಹತ್ತಿರ ಹತ್ತಿರದ ಎರಡು ಆವೃತ್ತಿಗಳನ್ನು ಕೊಡುತ್ತದೆ. ಕೆಂಪು ನೀಲಿ ಬಣ್ಣದ ಎರಡು ಚಿತ್ರ ಅಂಟಿಸಿ, ಒಂದರ ಕೆಳಗೆ ‘ಅನುರಣನ’, ಇನ್ನೊಂದರ ಕೆಳಗೆ ‘ಪ್ರತಿ ಅನುರಣನ’ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ.

ಎರಡೂ ಬೆರಳುಗಳನ್ನು ಭೂಮಿಗೆ ಸೇರಿಸಿ ಲೆಕ್ಕ ಹಾಕಿದ್ದರೆ ಆ ಹೆಸರು ತಪ್ಪು. ಆಗ ಬರುವ ಎರಡು ಆವೃತ್ತಿಗಳು ಬೆರಳುಗಳ ಸಾಲು ಅಲೆಯನ್ನು ಮುಂದೆ ಬಿಡದ ಪಟ್ಟಿಯ ಎರಡು ಅಂಚುಗಳು. ಒಂದರಲ್ಲಿ ಅಲೆಯ ಶಿಖರ ಬೆರಳುಗಳ ಮೇಲೆ ನಿಂತಿರುತ್ತದೆ, ಇನ್ನೊಂದರಲ್ಲಿ ಬೆರಳುಗಳ ನಡುವೆ. ಪ್ರತಿ ಅನುರಣನ ಬೇಕಿದ್ದರೆ ಒಂದು ಬಾಚಣಿಗೆಯನ್ನು ಭೂಮಿಯಿಂದ ಬಿಡಿಸಿ, ಅದರ ಒಟ್ಟು ಆವೇಶ ಸೊನ್ನೆ ಎಂದು ಹಿಡಿದು ಮತ್ತೆ ಲೆಕ್ಕ ಹಾಕಬೇಕು. ಮೊದಲಿನ ಎರಡು ಅಂಚುಗಳ ಅಂತರವೂ ವ್ಯರ್ಥವಲ್ಲ. ಅಂತರವನ್ನು ಮಧ್ಯದ ಆವೃತ್ತಿಯಿಂದ ಭಾಗಿಸಿ, ಪೈಯಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ಒಂದು ಬೆರಳಿನ ಪ್ರತಿಫಲನ ಕೈಗೆ ಬರುತ್ತದೆ. 900 ಮೆಗಾಹರ್ಟ್ಸ್ ಹತ್ತಿರ ಅಂತರ 17 ಮೆಗಾಹರ್ಟ್ಸ್ ಇದ್ದರೆ ಪ್ರತಿ ಬೆರಳೂ ಶೇಕಡ ಮೂರರಷ್ಟು ಅಲೆಯನ್ನು ಹಿಂದಕ್ಕೆ ಕಳಿಸುತ್ತಿದೆ ಎಂದರ್ಥ. ಅಷ್ಟು ಗೊತ್ತಾದರೆ ಕನ್ನಡಿಗೆ ಎಷ್ಟು ಗೆರೆ ಬೇಕು, ಸಾಧನ ಎಷ್ಟು ಉದ್ದ ಆದೀತು ಎಂದು ಕಾಗದದ ಮೇಲೆ ಹೇಳಬಹುದು. ಗೊತ್ತಾಗದೆ ಎರಡರಲ್ಲಿ ಒಂದನ್ನು ಆರಿಸಿ ವೇಗ ಬರೆದರೆ, ತರಂಗದೂರ ನಾಲ್ಕು ಮೈಕ್ರಾನ್ ಇರುವಲ್ಲಿ ಸೆಕೆಂಡಿಗೆ ಸುಮಾರು 70 ಮೀಟರಿನ ವ್ಯತ್ಯಾಸ ಅದರಲ್ಲಿ ಅಡಗಿರುತ್ತದೆ.

ಇಂಥ ವರದಿಯ ವೈವಾದಲ್ಲಿ ಕೂರುವ ಪರೀಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ಬಣ್ಣದ ಚಿತ್ರದ ಪುಟ ಬಂದಾಗ ನಿಲ್ಲಿಸಿ, ಎರಡು ಆವೃತ್ತಿಗಳ ಅಂತರ ಎಷ್ಟು, ಅದರಿಂದ ಒಂದು ಬೆರಳಿನ ಪ್ರತಿಫಲನ ಎಷ್ಟು ಬಂತು, ಬಾಚಣಿಗೆ ಬಿಡಿಸಿ ಲೆಕ್ಕ ಹಾಕಿದಾಗ ಯಾವ ಅಂಚು ಕದಲಿತು, ಯಾವುದು ಕದಲಲಿಲ್ಲ ಎಂದು ಕೇಳಿ. ಕ್ಯಾಲ್ಕ್ಯುಲೇಟರೂ ಬೇಡ, ಬೋರ್ಡಿನ ಮೇಲೆ ಮೂರು ಸಾಲಿನಲ್ಲಿ ಮುಗಿಯುವ ಉತ್ತರ ಅದು.